ಶೀಟಿನ ಮನೆ: ಸೆಕೆನೂ ತಡೀಬೇಕು, ಗಾಳಿನೂ ತಡೀಬೇಕು, ಹೊಸದಾಗಿ ಕಟ್ಟೋರು ಮೊದಲೇ ತಿಳ್ಕೊಳ್ಳಬೇಕಾದ್ದು

ಪ್ರತಿ ವರ್ಷ ಏಪ್ರಿಲ್, ಮೇ ಬಂತು ಅಂದ್ರೆ ನಾವು ಒಂದೇ ಸುದ್ದಿಯನ್ನ ಊರಿನ ಹೆಸರು ಬದಲಿಸಿ ಬರೀತೀವಿ. ಸಂಜೆ ನಾಲ್ಕರ ನಂತರ ದಿಢೀರ್ ಗಾಳಿ, ಗುಡುಗು, ಆಲಿಕಲ್ಲು ಮಳೆ. ಹತ್ತಾರು ಮನೆಗಳ ಶೀಟು ಹಾರಿ ಹೋಯ್ತು. ವಿದ್ಯುತ್ ಕಂಬ ನೆಲಕ್ಕುರುಳಿತು. ಮನೆಯಲ್ಲಿದ್ದ ದವಸ, ಬಟ್ಟೆ, ಮಕ್ಕಳ ಪುಸ್ತಕ ಎಲ್ಲ ನೀರುಪಾಲು. ಮರುದಿನ ಅಧಿಕಾರಿಗಳ ಭೇಟಿ, ಪರಿಶೀಲನೆ. ಅಲ್ಲಿಗೆ ಸುದ್ದಿ ಮುಗೀತು. ಆದ್ರೆ ಶೀಟು ಯಾಕೆ ಹಾರಿತು, ಪಕ್ಕದ ಮನೆಯದ್ದು ಯಾಕೆ ಹಾರಲಿಲ್ಲ ಅನ್ನೋದನ್ನ ಯಾರೂ ಬರೆಯೋದಿಲ್ಲ. ಈ ಸಲ ಅದನ್ನೇ ಬರೀತಿದ್ದೀವಿ.

ಜೊತೆಗೆ ಸೆಕೆಯ ವಿಷಯವನ್ನೂ ಸೇರಿಸಿದ್ದೀವಿ. ಕಾರಣ ಇಷ್ಟೇ. ಹೊಸದಾಗಿ ಶೀಟಿನ ಮನೆ ಕಟ್ಟುವವರು ಬೇಸಿಗೆಯ ಕಾವು ತಾಳಲಾರದೆ ಮಾಡಿಸುವ ಎಷ್ಟೋ ಕೆಲಸಗಳು ಗಾಳಿಗೆ ದಾರಿ ಮಾಡಿಕೊಡ್ತವೆ. ಗೋಡೆಗೂ ಶೀಟಿಗೂ ನಡುವೆ ಸಂದು ಬಿಡೋದು, ಮುಂದೆ ಮೂರು ಅಡಿ ಇಳಿಜಾರು ಚಾಚೋದು, ಶೀಟಿನ ಕೆಳಗೆ ಏನಾದರೂ ತುರುಕೋದು, ಇವೆಲ್ಲ ಸೆಕೆಗೆ ಮಾಡಿದ್ದೇ. ಗಾಳಿ ಬಂದ ದಿನ ಅದೇ ತೊಂದರೆ ಆಗುತ್ತೆ. ಎರಡನ್ನೂ ಒಟ್ಟಿಗೆ ಯೋಚನೆ ಮಾಡಿದ್ರೆ ಖರ್ಚೂ ಕಮ್ಮಿ, ಮನೆಯೂ ಗಟ್ಟಿ.

ಇದು ಸುಂಟರಗಾಳಿನಾ?

ನಮ್ಮ ಕಡೆ ಜೋರು ಗಾಳಿ ಬೀಸಿದ್ರೆ "ಸುಂಟರಗಾಳಿ ಬಂತು" ಅಂತ ಹೇಳಿಬಿಡ್ತೀವಿ. ನಾವು ಪತ್ರಕರ್ತರೂ ಹಾಗೇ ಬರೀತೀವಿ. ಆದ್ರೆ ಇಲ್ಲಿ ಮೂರು ಬೇರೆ ಬೇರೆ ಗಾಳಿಗಳಿವೆ.

ಮೊದಲನೆಯದು, ಬೇಸಿಗೆ ಮಧ್ಯಾಹ್ನ ಹೊಲದಲ್ಲಿ ಧೂಳು, ಕಸ ಎತ್ತಿಕೊಂಡು ತಿರುಗುತ್ತಾ ಹೋಗುವ ಸುಳಿಗಾಳಿ. ಮೇಲೆ ಮೋಡವೇ ಇರೋದಿಲ್ಲ. ಕಾದ ನೆಲದಿಂದ ಹುಟ್ಟಿ ಸ್ವಲ್ಪ ಹೊತ್ತಲ್ಲೇ ಸಾಯುತ್ತೆ. ಇದರಿಂದ ಸಾಮಾನ್ಯವಾಗಿ ದೊಡ್ಡ ಹಾನಿ ಇಲ್ಲ.

ಎರಡನೆಯದು ನಿಜವಾದ ಸುಂಟರಗಾಳಿ, ಇಂಗ್ಲಿಷಿನವರ ಟೊರ್ನಾಡೊ. ಗುಡುಗು ಮೋಡದಿಂದ ನೆಲದವರೆಗೆ ಸೊಂಡಿಲಿನ ಹಾಗೆ ಇಳಿದು ಸುತ್ತುವ ಗಾಳಿ. ಅಮೆರಿಕದ ಓಕ್ಲಹೋಮ, ಕ್ಯಾನ್ಸಸ್ ಭಾಗದಲ್ಲಿ ಇದು ಹೆಚ್ಚು. ನಮ್ಮ ಉಪಖಂಡದಲ್ಲಿ ಬಾಂಗ್ಲಾದೇಶದ ಕಡೆ ಬರುತ್ತೆ. 1989ರ ಏಪ್ರಿಲ್ 26ರಂದು ಅಲ್ಲಿನ ದೌಲತ್‌ಪುರ, ಸಾಟುರಿಯಾ ಭಾಗದಲ್ಲಿ ಬಂದ ಸುಂಟರಗಾಳಿಗೆ ಸುಮಾರು 1,300 ಜನ ಸತ್ತರು. ತಗಡು, ಹುಲ್ಲಿನ ಮನೆಗಳ ಊರುಗಳು ನೆಲಸಮ ಆದವು.

ಮೂರನೆಯದು, ನಮಗೆ ಹೆಚ್ಚಾಗಿ ತೊಂದರೆ ಕೊಡುವ ಗಾಳಿ. ಅಶ್ವಿನಿ, ಭರಣಿ ಮಳೆ ಹೊತ್ತಿಗೆ ಎತ್ತರಕ್ಕೆ ಬೆಳೆದ ಗುಡುಗು ಮೋಡದಿಂದ ತಣ್ಣಗಿನ ಗಾಳಿ ದೊಪ್ಪನೆ ಕೆಳಗೆ ಬೀಳುತ್ತೆ. ಬಿಂದಿಗೆ ನೀರನ್ನ ಅಂಗಳಕ್ಕೆ ಸುರಿದ್ರೆ ಹೇಗೆ ಸುತ್ತಲೂ ಹರಡುತ್ತೋ ಹಾಗೆ ನೆಲಕ್ಕೆ ಬಡಿದು ಎಲ್ಲ ಕಡೆ ನುಗ್ಗುತ್ತೆ. ಅದಕ್ಕೇ ಮಳೆ ಹನಿ ಬೀಳುವ ಮುಂಚೆ ತಣ್ಣನೆ ಗಾಳಿ, ಧೂಳು ಮೊದಲು ಬರೋದು. ಹತ್ತೋ ಇಪ್ಪತ್ತೋ ನಿಮಿಷ ಅಷ್ಟೇ. ಶೀಟು ಹಾರೋಕೆ ಅಷ್ಟು ಸಾಕು.

ಶೀಟು ಹಾರೋದು ಹೇಗೆ?

ಗಾಳಿ ಶೀಟನ್ನ ತಳ್ಳುತ್ತೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ನಿಜವಾಗಿ ಗಾಳಿ ಶೀಟನ್ನ ಮೇಲಕ್ಕೆ ಎಳೆಯುತ್ತೆ. ಹೈವೇಯಲ್ಲಿ ಲೋಡ್ ಲಾರಿ ಜೋರಾಗಿ ಓಡುವಾಗ ಮೇಲಿನ ತಾಡಪಾಲು ನೋಡಿ. ಒಳಕ್ಕೆ ಒತ್ತಿಕೊಳ್ಳೋದಿಲ್ಲ, ಹೊರಕ್ಕೆ ಉಬ್ಬುತ್ತೆ. ಮನೆ ಮೇಲೆ ಗಾಳಿ ಓಡುವಾಗಲೂ ಅದೇ ಆಗೋದು. ಅದೇ ಹೊತ್ತಿಗೆ ಬಾಗಿಲು ತೆರೆದಿದ್ರೆ, ಗೋಡೆ ಮೇಲೆ ಸಂದು ಇದ್ರೆ, ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ದೂಡುತ್ತೆ. ಮೇಲಿಂದ ಎಳೆತ, ಕೆಳಗಿಂದ ದೂಟು, ಎರಡೂ ಸೇರಿದಾಗ ಶೀಟು ಕಿತ್ತು ಬರುತ್ತೆ.

ಒಂದು ಸಣ್ಣ ಲೆಕ್ಕ ಮಾಡೋಣ. ಗಾಳಿಯ ಒತ್ತಡ ಲೆಕ್ಕ ಹಾಕೋಕೆ ನಮ್ಮ ದೇಶದ ಐಎಸ್ 875 ಅನ್ನೋ ಮಾನದಂಡದಲ್ಲಿ ಸೂತ್ರ ಇದೆ. 10 ಅಡಿ ಅಗಲ, 20 ಅಡಿ ಉದ್ದದ ಒಂದು ರೂಮು ಅಂತ ಇಟ್ಕೊಳ್ಳಿ. ಅರ್ಧ ಮಿಲಿಮೀಟರ್ ದಪ್ಪದ ಶೀಟು ಹಾಕಿದ್ರೆ ಅದರ ಒಟ್ಟು ತೂಕ ಸುಮಾರು 90 ಕೆ.ಜಿ. ಗಂಟೆಗೆ 50 ಕಿ.ಮೀ. ವೇಗದ ಗಾಳಿಗೆ ಒತ್ತಡ ಒಂದು ಚದರ ಮೀಟರಿಗೆ 12 ಕೆ.ಜಿ. ಆಸುಪಾಸು. ಮೇಲೆಳೆತವೂ ಅಷ್ಟೇ ಅಂತ ಸುಲಭಕ್ಕೆ ಹಿಡಿದ್ರೆ, ಇಡೀ ಮಾಡಿಗೆ 220 ಕೆ.ಜಿ. ಅಂದ್ರೆ ಶೀಟಿನ ತೂಕದ ಎರಡು ಪಟ್ಟಿಗಿಂತ ಜಾಸ್ತಿ.

ಈಗ ಗಾಳಿಯ ವೇಗ 100 ಕಿ.ಮೀ. ಆಯ್ತು ಅನ್ನಿ. ಎಳೆತ ಎರಡು ಪಟ್ಟು ಆಗೋದಿಲ್ಲ, ನಾಲ್ಕು ಪಟ್ಟು ಆಗುತ್ತೆ. ಚದರ ಮೀಟರಿಗೆ 47 ಕೆ.ಜಿ., ಇಡೀ ಮಾಡಿಗೆ 870 ಕೆ.ಜಿ. ಸುಮಾರು. ಎಂಟೂವರೆ ಕ್ವಿಂಟಲ್ ತೂಕವನ್ನ ಮೇಲಕ್ಕೆತ್ತುವಷ್ಟು ಬಲ. ಇದು ಅತಿಯಾದ ಲೆಕ್ಕವಲ್ಲ. ಅದೇ ಐಎಸ್ 875 ಪ್ರಕಾರ ಕಟ್ಟಡ ವಿನ್ಯಾಸ ಮಾಡುವಾಗ ಬೆಂಗಳೂರಿಗೆ ಹಿಡಿಯಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದ್ರೆ ಗಂಟೆಗೆ ಸುಮಾರು 119 ಕಿ.ಮೀ. ಮಂಗಳೂರಿಗೆ 39 ಮೀಟರ್. ದೇಶದಲ್ಲೇ ಕಮ್ಮಿ ಗಾಳಿಯ ವಲಯಕ್ಕೂ 33 ಮೀಟರ್ ಹಿಡಿಯಲೇಬೇಕು.

ಈಗ ಶೀಟಿನ ಮೇಲೆ ಇಡುವ ಕಲ್ಲಿನ ವಿಷಯಕ್ಕೆ ಬರೋಣ. ಹತ್ತತ್ತು ಕೆ.ಜಿ.ಯ ಇಪ್ಪತ್ತು ಕಲ್ಲು ಇಟ್ರೂ 200 ಕೆ.ಜಿ. ಆಯ್ತು. ಸಣ್ಣ ಗಾಳಿಗೆ ಸರಿ. ದೊಡ್ಡ ಗಾಳಿಗೆ ಅದು ಸಾಲೋದಿಲ್ಲ, ಶೀಟಿನ ಜೊತೆ ಕಲ್ಲೂ ಉರುಳಿ ಕೆಳಗೆ ಮಲಗಿದವರ ಮೇಲೆ, ಕಟ್ಟಿದ ದನದ ಮೇಲೆ ಬೀಳುತ್ತೆ. ಕಲ್ಲು ಇಡೋದು ಭದ್ರತೆ ಅಲ್ಲ, ಅಪಾಯ.

ಕೊಂಡಿ ಎಲ್ಲಿ ಕಳಚುತ್ತೆ?

ಹಾರಿದ ಶೀಟು ನೋಡಿದ್ರೆ ಎರಡು ಥರ ಕಾಣುತ್ತೆ. ಒಂದು, ಶೀಟು ಮಾತ್ರ ಹಾರಿ ಪೈಪು ಅಲ್ಲೇ ಉಳಿದಿರುತ್ತೆ. ಇನ್ನೊಂದು, ಪೈಪು, ಆಂಗಲ್ ಸಮೇತ ಇಡೀ ಮಾಡು ಎದ್ದು ಹೋಗಿ ಪಕ್ಕದ ಹೊಲದಲ್ಲಿ ಬಿದ್ದಿರುತ್ತೆ.

ಮೊದಲನೆಯದರಲ್ಲಿ ತಪ್ಪು ಸ್ಕ್ರೂನಲ್ಲಿ. ಸ್ಕ್ರೂ ಉಳಿಸೋಕೆ ದೂರ ದೂರ ಹೊಡೆದಿರ್ತಾರೆ. ರಬ್ಬರ್ ವಾಷರ್ ಇಲ್ಲದ ಸ್ಕ್ರೂ ಸುತ್ತ ತುಕ್ಕು ಹಿಡಿದು ತೂತು ದೊಡ್ಡದಾಗಿರುತ್ತೆ. ಗಾಳಿಯ ಎಳೆತ ಮಾಡಿನ ಅಂಚಿನಲ್ಲಿ, ಮೂಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಹಾಗಾಗಿ ನಾಲ್ಕೂ ಅಂಚಿನ ಸಾಲಿನಲ್ಲಿ ಶೀಟಿನ ಪ್ರತಿ ಉಬ್ಬಿಗೂ ಒಂದು ಸ್ಕ್ರೂ ಬೇಕು. ನಡುವಿನಲ್ಲಿ ಒಂದು ಬಿಟ್ಟು ಒಂದು ಆದ್ರೆ ನಡೆಯುತ್ತೆ. ಸಿಮೆಂಟ್ ಶೀಟಿಗೆ ಜೆ ಹುಕ್ ಹಾಕುವಾಗ ಹುಕ್ಕು ಪೈಪನ್ನ ಪೂರ್ತಿ ಸುತ್ತಿ ಹಿಡೀಬೇಕು, ವಾಷರ್ ಇರಬೇಕು. ಅತಿಯಾಗಿ ಬಿಗಿ ಮಾಡಿದ್ರೆ ಶೀಟು ಸೀಳುತ್ತೆ, ಅದನ್ನೂ ನೋಡ್ಕೊಳ್ಳಿ.

ಎರಡನೆಯದು ದೊಡ್ಡ ತಪ್ಪು. ಪೈಪಿನ ತುದಿಯನ್ನ ಗೋಡೆ ಮೇಲಿನ ಕೊನೇ ವರಸೆಯಲ್ಲಿ ಕೂರಿಸಿ, ಎರಡು ಕಡೆ ಇಟ್ಟಿಗೆ ಇಟ್ಟು, ಸಿಮೆಂಟ್ ಮೆತ್ತಿ ಬಿಡ್ತಾರೆ. ಮೇಲಿನ ಲೆಕ್ಕವನ್ನೇ ತಗೊಳ್ಳಿ. 10 ಅಡಿ ಅಗಲಕ್ಕೆ ಐದು ಪೈಪು, ಗೋಡೆ ಮೇಲೆ ಹತ್ತು ತುದಿ. 100 ಕಿ.ಮೀ. ಗಾಳಿಗೆ ಶೀಟಿನ ತೂಕ ಕಳೆದ್ರೂ ಒಂದೊಂದು ತುದಿ ಸರಾಸರಿ 75ರಿಂದ 80 ಕೆ.ಜಿ. ಮೇಲಕ್ಕೆ ಎಳೆಯುತ್ತೆ. ಒಂದು ಆರಿಂಚಿನ ಸಾಲಿಡ್ ಬ್ಲಾಕ್ ತೂಕ 25 ಕೆ.ಜಿ. ಆಸುಪಾಸು. ಅಂದ್ರೆ ಒಂದು ಬ್ಲಾಕನ್ನ ಕಿತ್ತುಕೊಂಡು ಪೈಪು ಆರಾಮಾಗಿ ಎದ್ದು ಹೋಗುತ್ತೆ. ಮೂರ್ನಾಲ್ಕು ಬ್ಲಾಕಿನ ತೂಕವನ್ನಾದರೂ ಅದು ಎತ್ತಬೇಕಾಗುವ ಹಾಗೆ ಕಟ್ಟಬೇಕು.

ಪರಿಹಾರ ಕಷ್ಟದ್ದಲ್ಲ. ಗೋಡೆ ಮೇಲೆ ಸುತ್ತಲೂ ಒಂದು ಕಾಂಕ್ರೀಟ್ ಬೆಲ್ಟ್ ಹಾಕಿಸಿ. ಬೆಲ್ಟ್ ಹಾಕುವಾಗಲೇ ಪ್ರತಿ ಪೈಪು ಬರುವ ಜಾಗದಲ್ಲಿ 10 ಎಂ.ಎಂ. ರಾಡನ್ನ ಬಗ್ಗಿಸಿ ಒಳಗೆ ಹುಗಿದು ಮೇಲಕ್ಕೆ ಬಿಡಿಸಿ. ಪೈಪು ಕೂರಿಸಿದ ಮೇಲೆ ಆ ರಾಡಿಗೆ ವೆಲ್ಡ್ ಮಾಡಿಸಿ, ವೆಲ್ಡ್ ಆದ ಜಾಗಕ್ಕೆ ಪೇಂಟ್ ಹೊಡೆಸಿ. ಬೆಲ್ಟ್ ಹಾಕೋಕೆ ಆಗದಿದ್ರೆ ರಾಡನ್ನ ಗೋಡೆಯಲ್ಲಿ ಮೂರ್ನಾಲ್ಕು ಅಡಿ ಕೆಳಗಿನ ತನಕ ಇಳಿಸಿ ಕಾಂಕ್ರೀಟ್ ತುಂಬಿಸಿ. ಇಷ್ಟು ಮಾಡಿದ್ರೆ ಗಾಳಿ ಎತ್ತಬೇಕಾಗಿರೋದು ಶೀಟನ್ನಲ್ಲ, ಗೋಡೆಯನ್ನ.

ಅಮೆರಿಕದ ಮೂರ್ ಅನ್ನೋ ಪಟ್ಟಣದಲ್ಲೂ ಕಲಿತದ್ದು ಇದೇ ಪಾಠ. ಓಕ್ಲಹೋಮ ರಾಜ್ಯದ ಆ ಊರಿಗೆ 2013ರ ಮೇ 20ರಂದು ಭಾರೀ ಸುಂಟರಗಾಳಿ ಬಡಿದು 24 ಜನ ಸತ್ತರು. ಮರುವರ್ಷವೇ ಅಲ್ಲಿನ ನಗರಾಡಳಿತ ಹೊಸ ಮನೆಗಳು ಗಂಟೆಗೆ 135 ಮೈಲಿ, ಅಂದ್ರೆ ಸುಮಾರು 217 ಕಿ.ಮೀ. ಗಾಳಿ ತಡೀಬೇಕು ಅಂತ ಕಟ್ಟಡ ನಿಯಮ ಬದಲಿಸಿತು. ನಿಯಮದಲ್ಲಿ ಮುಖ್ಯವಾಗಿ ಇದ್ದದ್ದು ಮಾಡಿನ ಮರವನ್ನ ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಯೋದು, ಗೋಡೆಯನ್ನ ಪಾಯಕ್ಕೆ ಬಿಗಿಯೋದು, ಕಾರು ನಿಲ್ಲಿಸುವ ಜಾಗದ ದೊಡ್ಡ ಬಾಗಿಲು ಗಾಳಿಗೆ ಮುರಿಯದ ಹಾಗೆ ಮಾಡೋದು. ಅಲ್ಲಿ ಮರದ ಮನೆ, ಇಲ್ಲಿ ಬ್ಲಾಕಿನ ಮನೆ. ಶೀಟಿನಿಂದ ಪಾಯದ ತನಕ ಸರಪಳಿಯ ಒಂದು ಕೊಂಡಿಯೂ ಕಳಚಬಾರದು ಅನ್ನೋದು ಮಾತ್ರ ಒಂದೇ.

ಇನ್ನೆರಡು ವಿಷಯ. ಗೋಡೆಯಿಂದ ಹೊರಗೆ ಶೀಟು ಚಾಚೋದು ಒಂದೂವರೆ ಅಡಿಗಿಂತ ಜಾಸ್ತಿ ಬೇಡ. ನೆರಳು ಬೇಕಂದ್ರೆ ಮುಂದಿನ ಚಪ್ಪರವನ್ನ ಬೇರೆ ಕಂಬದ ಮೇಲೆ ಪ್ರತ್ಯೇಕವಾಗಿ ಹಾಕಿ. ಚಪ್ಪರ ಹಾರಿದ್ರೂ ಮನೆ ಉಳಿಯುತ್ತೆ. ಹಾಗೇ, ಪೂರಾ ಚಪ್ಪಟೆ ಮಾಡಿಗಿಂತ ಚೆನ್ನಾಗಿ ಇಳಿಜಾರು ಇರೋ ಮಾಡಿಗೆ ಎಳೆತ ಕಮ್ಮಿ.

ಈಗ ಸೆಕೆಗೆ ಏನು ಮಾಡೋದು?

40 ಡಿಗ್ರಿ ಬಿಸಿಲಲ್ಲಿ ಬರಿ ಶೀಟು 60 ಡಿಗ್ರಿ ದಾಟುತ್ತೆ. ಕೆಳಗೆ ಕೂತವರಿಗೆ ಒಲೆ ಮುಂದೆ ಕೂತ ಹಾಗೆ. ಫ್ಯಾನ್ ಹಾಕಿದ್ರೆ ಅದೇ ಬಿಸಿ ಗಾಳಿ ಕೆಳಗೆ ಬರುತ್ತೆ. ಬಾಣಂತಿಯರು, ಕೂಸುಗಳು, ವಯಸ್ಸಾದವರು ಇರೋ ಮನೆಗೆ ಇದು ಬರೀ ಅನನುಕೂಲ ಅಲ್ಲ, ಜೀವದ ಪ್ರಶ್ನೆ. ಕೇಂದ್ರದ ಇಕೋ ನಿವಾಸ್ ಸಂಹಿತೆಯಲ್ಲಿ ಮಾಡಿನಿಂದ ಎಷ್ಟು ಶಾಖ ಇಳೀಬಹುದು ಅಂತ ಮಿತಿ ಇದೆ. ಆದ್ರೆ ಅದು 500 ಚದರ ಮೀಟರ್ ಮೇಲಿನ ನಿವೇಶನಗಳಿಗೆ. ನಮ್ಮ 30-40 ಸೈಟು 111 ಚದರ ಮೀಟರ್. ಹಾಗಾಗಿ ನಮ್ಮ ಮನೆಯ ಸೆಕೆಯನ್ನ ನಾವೇ ನೋಡ್ಕೋಬೇಕು.

ಸುಣ್ಣ ಅಥವಾ ಬಿಳಿ ಪೇಂಟ್: ಎಲ್ಲಕ್ಕಿಂತ ಅಗ್ಗದ್ದು. ಬಿಸಿಲು ಶೀಟಿಗೆ ಇಳಿಯುವ ಮುಂಚೆಯೇ ವಾಪಸ್ ಹೋಗುತ್ತೆ. ತೂಕ ಇಲ್ಲ, ಗಾಳಿಗೆ ಸಿಗೋದಿಲ್ಲ, ಸ್ಕ್ರೂ ಸಡಿಲ ಆಗೋದಿಲ್ಲ. ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕಂತಲೇ ತಂಪು ಮಾಡು ನೀತಿ ತಂದಿದೆ. ಧೂಳು ಕೂತ್ರೆ ಪರಿಣಾಮ ಇಳಿಯುತ್ತೆ, ಹಾಗಾಗಿ ಸುಣ್ಣವನ್ನ ವರ್ಷಕ್ಕೊಮ್ಮೆ, ಶಿವರಾತ್ರಿ ಹೊತ್ತಿಗೆ ಹೊಡೆಯೋದು ಒಳ್ಳೇದು. ಹೊಡೆಯೋಕೆ ಮೇಲೆ ಹತ್ತಿದವರು ಸ್ಕ್ರೂಗಳನ್ನೂ ಒಂದು ಸಲ ನೋಡಿಬಿಡಲಿ.

ಫಾಯಿಲ್ ಶೀಟು: ಬೆಳ್ಳಿ ಬಣ್ಣದ, ಒಳಗೆ ಗಾಳಿಗುಳ್ಳೆ ಇರುವ ಹಾಸು. ಶೀಟಿನ ಕೆಳಗೆ ಹಾಕ್ತಾರೆ. ಶೀಟು ಉಗುಳುವ ಶಾಖವನ್ನ ತಡೆಯುತ್ತೆ. ಆದ್ರೆ ಅದರ ಬೆಳ್ಳಿ ಮುಖಕ್ಕೆ ಎದುರಾಗಿ ಒಂದಿಂಚಾದರೂ ಖಾಲಿ ಜಾಗ ಇರಬೇಕು. ಪೈಪಿಗೂ ಶೀಟಿಗೂ ನಡುವೆ ದಪ್ಪ ಮೆತ್ತನೆ ಹಾಸು ಸಿಕ್ಕಿಸಿದ್ರೆ ಶೀಟು ಅಲುಗಾಡಿ ಸ್ಕ್ರೂ ತೂತು ಸೀಳುತ್ತೆ. ಹಾಸಿನ ದಪ್ಪಕ್ಕೆ ತಕ್ಕ ಹಾಗೆ ಉದ್ದದ ಸ್ಕ್ರೂ ಬೇಕು ಅಂತ ಮೊದಲೇ ಹೇಳಿ.

ಥರ್ಮೋಕೋಲ್ ಸೀಲಿಂಗ್: ಶಾಖ ಚೆನ್ನಾಗಿ ತಡೆಯುತ್ತೆ, ಅಗ್ಗ. ಆದ್ರೆ ಬೆಂಕಿಗೆ ಬೇಗ ಕರಗಿ ಉರಿಯುತ್ತೆ, ಹೊಗೆ ವಿಷ. ಒಲೆ, ಗ್ಯಾಸ್ ಇರುವ ರೂಮಿಗೆ, ದೇವರ ದೀಪದ ಮೇಲೆ ಬೇಡವೇ ಬೇಡ. ಸೀಲಿಂಗ್ ಮೇಲೆ ಹಾದು ಹೋಗುವ ವೈರುಗಳನ್ನ ಪೈಪಿನೊಳಗೆ ಹಾಕಿಸಿ. ಸೀಲಿಂಗ್ ಮತ್ತು ಶೀಟಿನ ನಡುವಿನ ಬಿಸಿ ಗಾಳಿ ಹೋಗೋಕೆ ಎರಡೂ ಕಡೆ ಸಣ್ಣ ಜಾಲರಿ ಬಿಡಿ. ಒಂದೇ ಕಡೆ ಬಿಟ್ರೆ ಒಳಗೆ ಬಂದ ಬಿರುಗಾಳಿ ಹೊರಗೆ ಹೋಗೋಕೆ ದಾರಿ ಇಲ್ಲದೆ ಮಾಡನ್ನ ಎತ್ತುತ್ತೆ. ಇಡೀ ಗೋಡೆ ಉದ್ದಕ್ಕೂ ಸಂದು ಬಿಡೋದಂತೂ ಬೇಡ.

ಪಫ್ ಪ್ಯಾನೆಲ್: ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ. ದುಬಾರಿ, ಆದ್ರೆ ಶಾಖ ತಡೆಯೋದರಲ್ಲಿ ಇದನ್ನ ಮೀರಿಸೋದು ಕಷ್ಟ. ಎರಡಿಂಚಿನ ಪ್ಯಾನೆಲ್ ಐದಿಂಚಿನ ಆರ್‌ಸಿಸಿ ಸ್ಲ್ಯಾಬಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ತಡೆಯುತ್ತೆ. ದಪ್ಪ ಇದೆ ಅಂತ ಭಾರ ಇರುತ್ತೆ ಅನ್ಕೋಬೇಡಿ. ಚದರ ಮೀಟರಿಗೆ 10 ಕೆ.ಜಿ. ಅಷ್ಟೇ. ಗಾಳಿ ಎಳೆಯೋದು 47 ಕೆ.ಜಿ. ಇದಕ್ಕೂ ಸ್ಕ್ರೂ, ರಾಡು, ಬೆಲ್ಟು ಎಲ್ಲ ಬೇಕು. ಕಡ್ಡಿ ಗೀರಿದ್ರೆ ಹತ್ತದ ದರ್ಜೆಯ ಫೋಮ್ ಇದೆಯಾ ಅಂತ ಕೇಳಿ ತಗೊಳ್ಳಿ.

ಕಣಿಕೆ, ತೆಂಗಿನ ಗರಿ, ಗೋಣಿಚೀಲ: ಶೀಟಿನ ಮೇಲೆ ಹೊದಿಸಿದ್ರೆ ತಂಪು ಹೌದು. ಆದ್ರೆ ಗಾಳಿಗೆ ಹಾರಿ ವೈರಿನ ಮೇಲೆ ಬೀಳುತ್ತೆ, ಕಿಡಿ ತಾಗಿದ್ರೆ ಹತ್ತುತ್ತೆ. ಬೇಸಿಗೆ ತಾತ್ಕಾಲಿಕಕ್ಕೆ ಹಾಕಿದ್ರೂ ಹಗ್ಗ ಕಟ್ಟಿ, ಮೋಡ ಕಟ್ಟುವ ದಿನಗಳು ಬಂದಾಗ ಇಳಿಸಿಬಿಡಿ.

ಸ್ಲ್ಯಾಬು, ಮಾಳಿಗೆ ಕಥೆ ಏನು?

ಆರ್‌ಸಿಸಿ ಸ್ಲ್ಯಾಬ್ ಚದರ ಮೀಟರಿಗೆ 300 ಕೆ.ಜಿ. ದಾಟುತ್ತೆ, ಹಾರುವ ಮಾತೇ ಇಲ್ಲ. ಆದ್ರೆ ಹಗಲಿಡೀ ಬಿಸಿಲು ಕುಡಿದು ರಾತ್ರಿ ಉಗುಳುತ್ತೆ. ಮೇಲೆ ಬಿಳಿ ಬಣ್ಣ ಅಥವಾ ಒಡೆದ ಬಿಳಿ ಟೈಲ್ಸ್ ಹಾಸಿದ್ರೆ ತುಂಬಾ ವ್ಯತ್ಯಾಸ ಆಗುತ್ತೆ.

ಹಳೇ ಮಣ್ಣಿನ ಮಾಳಿಗೆ ಮನೆಗಳು ಸೆಕೆ, ಗಾಳಿ ಎರಡನ್ನೂ ತಡೀತಿದ್ವು. ಒಂದಡಿ ಮಣ್ಣಿನ ಹೊದಿಕೆ, ದಪ್ಪ ಗೋಡೆ. ಆದ್ರೆ ವರ್ಷ ವರ್ಷ ಮೇಲೆ ಮಣ್ಣು ಹಾಕಿ ಸರಿ ಮಾಡದಿದ್ರೆ ಜಿಟಿಜಿಟಿ ಮಳೆಗೆ ನೆನೆದು ಗೋಡೆ ಕುಸಿಯುತ್ತೆ. ಆ ಸುದ್ದಿಯನ್ನೂ ನಾವು ಪ್ರತಿ ಮಳೆಗಾಲ ಬರೀತೀವಿ. ಹಾಗಾಗಿ ಹಳೇದೆಲ್ಲ ಚಿನ್ನ ಅಂತಲೂ ಹೇಳೋಕಾಗಲ್ಲ.

ಕೈಯಲ್ಲಿ ದುಡ್ಡು ಕಮ್ಮಿ ಇರೋರಿಗೆ ಒಂದು ಮಧ್ಯದ ದಾರಿ ಇದೆ. ಇಡೀ ಮನೆಗೆ ಶೀಟು ಹಾಕಿದ್ರೂ ಸ್ನಾನದ ಮನೆ ಅಥವಾ ಒಂದು ಸಣ್ಣ ರೂಮಿಗೆ ಮಾತ್ರ ಸ್ಲ್ಯಾಬ್ ಹಾಕಿಸಿ. ಅಮೆರಿಕದ ಸುಂಟರಗಾಳಿ ಊರುಗಳಲ್ಲಿ ಮನೆಯೊಳಗೇ ಒಂದು ಗಟ್ಟಿ ಕೋಣೆ ಕಟ್ಕೊಳ್ತಾರೆ, ಗಾಳಿ ಬಂದಾಗ ಎಲ್ಲರೂ ಅದರೊಳಗೆ. ಅವರ ಕೋಣೆಯಷ್ಟು ಗಟ್ಟಿ ಅಲ್ಲದಿದ್ರೂ ಹಾರುವ ತಗಡಿನಿಂದ ಮಕ್ಕಳನ್ನ ಕಾಪಾಡೋಕೆ ನಮ್ಮ ಸ್ಲ್ಯಾಬಿನ ಸ್ನಾನದ ಮನೆ ಸಾಕು.

ಅಂಗಡಿಯವರಿಗೆ

ಅಂಗಡಿ ಮುಂದಿನ ತಗಡಿನ ಚಪ್ಪರ, ಮೇಲಿನ ಫ್ಲೆಕ್ಸ್ ಬೋರ್ಡು, ಇವು ಮೊದಲು ಹಾರುವ ವಸ್ತುಗಳು. ಫ್ಲೆಕ್ಸಿಗೆ ಗಾಳಿ ಸಿಕ್ರೆ ಅದು ಹಡಗಿನ ಪಟ. ಬೋರ್ಡಿನ ಫ್ರೇಮನ್ನ ಶೀಟಿಗೆ, ಚಪ್ಪರಕ್ಕೆ ಬಿಗಿಯದೆ ಗೋಡೆಗೆ ಬೋಲ್ಟ್ ಹಾಕಿಸಿ. ಮೋಡ ಕಟ್ಟಿದ ತಕ್ಷಣ ಗಾಳಿ ಬರುವ ಕಡೆಯ ಶಟರ್ ಇಳಿಸಿ. ಅರ್ಧ ತೆರೆದ ಶಟರೇ ಮಾಡು ಹಾರೋಕೆ ಕಾರಣ ಆಗಬಹುದು.

ವಿಮೆ ಬಗ್ಗೆಯೂ ತಿಳ್ಕೊಳ್ಳಿ. 2021ರ ಏಪ್ರಿಲ್ 1ರಿಂದ ಮನೆಗೆ ಭಾರತ್ ಗೃಹ ರಕ್ಷಾ, ಸಣ್ಣ ಅಂಗಡಿ-ಉದ್ಯಮಕ್ಕೆ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಅನ್ನೋ ಒಂದೇ ಮಾದರಿಯ ಪಾಲಿಸಿಗಳು ಬಂದಿವೆ. ಬಿರುಗಾಳಿ, ಚಂಡಮಾರುತ, ಸುಂಟರಗಾಳಿ, ಪ್ರವಾಹ ಇವುಗಳ ಹಾನಿ ಇದರಲ್ಲಿ ಸೇರಿದೆ. ಹುಲ್ಲು, ಗರಿ, ತಾಡಪಾಲಿನ ಕಟ್ಟಡಕ್ಕೆ ನಿಯಮ ಬೇರೆ ಇರುತ್ತೆ, ಸಹಿ ಹಾಕುವ ಮುಂಚೆ ನಿಮ್ಮ ಕಟ್ಟಡ ಯಾವ ಥರದ್ದು ಅಂತ ಬರೆಸಿಕೊಳ್ಳಿ.

ಪರಿಹಾರ ಎಷ್ಟು ಬರುತ್ತೆ?

2022ರಿಂದ 2026ರ ಅವಧಿಗೆ ಕೇಂದ್ರ ನಿಗದಿ ಮಾಡಿದ ವಿಪತ್ತು ಪರಿಹಾರ ಮಾನದಂಡದಲ್ಲಿ ಬಯಲು ಪ್ರದೇಶದಲ್ಲಿ ಪೂರ್ತಿ ಹಾನಿಯಾದ ಮನೆಗೆ 1,20,000 ರೂಪಾಯಿ. ಭಾಗಶಃ ಹಾನಿಗೆ, ಅದೂ ಕನಿಷ್ಠ ಶೇ. 15ರಷ್ಟು ಹಾನಿ ಆಗಿದ್ರೆ, ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಮನೆಗೆ ಹೊಂದಿಕೊಂಡ ದನದ ಕೊಟ್ಟಿಗೆಗೆ 3,000. ಶೀಟು ಹಾರಿ ಗೋಡೆ ಉಳಿದ ಮನೆ ಭಾಗಶಃ ಹಾನಿ ಲೆಕ್ಕಕ್ಕೇ ಬರೋದು ಹೆಚ್ಚು. ಒಂದು ರೂಮಿಗೆ ಹೊಸ ಶೀಟು, ಪೈಪು, ಕೂಲಿ ಸೇರಿಸಿದ್ರೆ ಈ ದುಡ್ಡು ಸಾಲೋದಿಲ್ಲ. ಹಾರಿದ ಮೇಲೆ ಪರಿಹಾರಕ್ಕೆ ಓಡಾಡೋದಕ್ಕಿಂತ ಮೊದಲೇ ಹತ್ತು ರಾಡು ಹಾಕಿಸೋದು ಅಗ್ಗ.

ಆದರೂ ಹಾನಿ ಆದ್ರೆ, ಏನನ್ನೂ ಎತ್ತಿಡುವ ಮುಂಚೆ ಮನೆಯ ಒಳಗೆ, ಹೊರಗೆ ಫೋಟೊ ತೆಗೀರಿ. ಗ್ರಾಮ ಆಡಳಿತಾಧಿಕಾರಿಗೂ ಪಂಚಾಯಿತಿಗೂ ಅವತ್ತೇ ತಿಳಿಸಿ, ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ತಗೊಳ್ಳಿ. ಶೀಟು ವೈರಿನ ಮೇಲೆ ಬಿದ್ದಿದ್ರೆ ಕೋಲಲ್ಲಿ ಎಳೆಯೋಕೆ ಹೋಗಬೇಡಿ, 1912ಕ್ಕೆ ಫೋನ್ ಮಾಡಿ, ಲೈನ್ ಬಂದ್ ಆಗಿದೆ ಅಂತ ಖಾತ್ರಿ ಆಗೋ ತನಕ ಹತ್ತಿರ ಹೋಗಬೇಡಿ.

ವೆಲ್ಡಿಂಗ್‌ನವರಿಗೆ ಕೆಲಸ ಕೊಡುವ ಮುಂಚೆ ಕೇಳಬೇಕಾದ ಐದು ಪ್ರಶ್ನೆ

1. ಗೋಡೆ ಮೇಲೆ ಬೆಲ್ಟ್ ಹಾಕ್ತೀರಾ? ಪ್ರತಿ ಪೈಪಿಗೂ ಒಳಗಿಂದ ರಾಡು ಬಿಡ್ತೀರಾ?
2. ಅಂಚಿನ ಸಾಲಿನಲ್ಲಿ ಪ್ರತಿ ಉಬ್ಬಿಗೂ ವಾಷರ್ ಸಮೇತ ಸ್ಕ್ರೂ ಬರುತ್ತಾ?
3. ಹೊರಗೆ ಚಾಚೋದು ಒಂದೂವರೆ ಅಡಿ ಒಳಗೇ ಇದೆಯಾ?
4. ಸೆಕೆಗೆ ಹಾಕುವ ಹಾಸು ಯಾವುದು, ಅದರ ದಪ್ಪಕ್ಕೆ ತಕ್ಕ ಸ್ಕ್ರೂ ಇದೆಯಾ, ಬೆಂಕಿ ಹತ್ತುತ್ತಾ?
5. ಬಿಸಿ ಗಾಳಿ ಹೋಗೋಕೆ ಎರಡೂ ಕಡೆ ಜಾಲರಿ ಇದೆಯಾ?

"ಇಷ್ಟೆಲ್ಲ ಯಾಕೆ, ಮೇಲೆ ನಾಲ್ಕು ಕಲ್ಲು ಇಟ್ರೆ ಆಯ್ತು" ಅಂತ ಯಾರಾದ್ರೂ ಹೇಳಿದ್ರೆ ಅವರಿಗೆ ಈ ಲೆಕ್ಕ ತೋರಿಸಿ. ಶೀಟಿನ ತೂಕ 90 ಕೆ.ಜಿ., ಗಾಳಿ ಎತ್ತೋದು 870 ಕೆ.ಜಿ. ನಾಲ್ಕು ಕಲ್ಲು ಎಲ್ಲಿ ಸಾಲುತ್ತೆ?